ತಿಳಿದಿದ್ದ ದೋಷ, ತಿಳಿಸದ ಕಂಪನಿ

ವಾಹನ ಕೊಂಡವರಿಂದ ಈ ಅಂಕಣಕ್ಕೆ ಬರುವ ಪತ್ರಗಳು ಸಾಮಾನ್ಯವಾಗಿ ವಿಮೆ, ಸಾಲ, ಮೈಲೇಜು ಇವುಗಳ ಸುತ್ತಲೇ ಇರುತ್ತವೆ. ಈ ಬಾರಿ ಹಾಗಾಗಿಲ್ಲ. ವಾಹನದಲ್ಲಿ ದೋಷವಿದೆಯೆಂದು ತಯಾರಕರಿಗೆ ಗೊತ್ತಾದ ಮೇಲೆ ಅದನ್ನು ಓಡಿಸುವವರಿಗೆ ಏನು ಹೇಳಬೇಕು, ಯಾವಾಗ ಹೇಳಬೇಕು ಎಂದು ಹಲವರು ಕೇಳಿದ್ದಾರೆ. ಆ ಪತ್ರಗಳಲ್ಲಿ ಕೆಲವನ್ನು ಆಯ್ದು ಉತ್ತರಿಸಿದ್ದೇನೆ. ಓದುಗರ ಸ್ವಂತ ದೂರುಗಳಿರುವ ಕಡೆ ಕಂಪನಿಯ ಹೆಸರನ್ನು ಕೈಬಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಕಾರಿಗೆ ಮೂರು ವರ್ಷವಾಯಿತು. ಓಡುತ್ತಿರುವಾಗಲೇ ಸ್ಟೀರಿಂಗ್ ಇದ್ದಕ್ಕಿದ್ದಂತೆ ಬಿಗಿಯಾಗುತ್ತದೆ ಎಂದು ದೂರು ಕೊಟ್ಟಾಗ ಸರ್ವಿಸ್ ಸೆಂಟರ್‌ನವರು "ಚೆಕ್ ಮಾಡಿದೆವು ಸರ್, ಏನೂ ತೊಂದರೆ ಕಾಣಲಿಲ್ಲ" ಎಂದರು. ಮುಂದಿನ ಸರ್ವಿಸ್‌ನಲ್ಲಿ ನಾನು ಕೇಳದಿದ್ದರೂ ಒಂದು ಭಾಗವನ್ನು ಉಚಿತವಾಗಿ ಬದಲಿಸಿ, ಬಿಲ್ಲಿನಲ್ಲಿ "ಕಂಪನಿ ಅಪ್‌ಡೇಟ್" ಎಂದಷ್ಟೇ ಬರೆದರು. ಅದೇ ಮಾದರಿಯ ಕಾರಿರುವ ನಮ್ಮ ಭಾವನವರಿಗೆ ಯಾವ ಕರೆಯೂ ಬಂದಿಲ್ಲ. ಕಂಪನಿಗೆ ಮೊದಲೇ ಗೊತ್ತಿದ್ದರೆ ಎಲ್ಲರಿಗೂ ಹೇಳಬೇಕಾಗಿರಲಿಲ್ಲವೇ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಕಂಪನಿಗೆ ಯಾವಾಗ, ಎಷ್ಟು ಗೊತ್ತಿತ್ತು ಎಂಬುದನ್ನು ನಿಮ್ಮ ಪತ್ರವೊಂದರಿಂದಲೇ ಹೇಳಲಾಗದು. ಆದರೆ ದೂರು ಕೊಟ್ಟಾಗ ಏನೂ ಇಲ್ಲವೆಂದವರು ಆಮೇಲೆ ಕೇಳದೆಯೇ ಬಿಡಿಭಾಗ ಬದಲಿಸಿದ್ದಾರೆಂದರೆ, ಆ ಭಾಗದ ಬಗ್ಗೆ ಡೀಲರುಗಳಿಗೆ ಕಂಪನಿಯಿಂದ ಸೂಚನೆ ಹೋಗಿರುವ ಸಾಧ್ಯತೆ ಹೆಚ್ಚು. ಇಂಥ ಸೂಚನೆಗೆ ಸರ್ವಿಸ್ ಬುಲೆಟಿನ್ ಎನ್ನುತ್ತಾರೆ. ಇಂಥ ದೂರು ಬಂದರೆ ಹೀಗೆ ಮಾಡಿ ಎಂದು ಡೀಲರಿಗೆ ತಿಳಿಸುವ ಸುತ್ತೋಲೆಯದು. ದೂರು ಕೊಡದವರಿಗೆ ಅದರ ಸುದ್ದಿಯೇ ತಿಳಿಯುವುದಿಲ್ಲ. ಬಾಗಿಲು ಕಿರುಗುಟ್ಟುವುದು, ಬಣ್ಣ ಮಾಸುವುದು ಮುಂತಾದವುಗಳಿಗೆ ಈ ಪದ್ಧತಿ ಸಾಕು. ಸ್ಟೀರಿಂಗ್, ಬ್ರೇಕು, ಇಂಧನದ ಟ್ಯಾಂಕು, ಏರ್‌ಬ್ಯಾಗ್ ಇವುಗಳ ವಿಷಯದಲ್ಲಿ ಖಂಡಿತ ಸಾಲದು. ಯಾಕೆಂದರೆ ಅಲ್ಲಿ ಮೊದಲ ಲಕ್ಷಣ ಕಾಣಿಸಿಕೊಳ್ಳುವುದೇ ಅಪಘಾತದ ರೂಪದಲ್ಲಿರಬಹುದು.

ಈ ಮಾತಿನ ತೂಕ ಗೊತ್ತಾಗಬೇಕಾದರೆ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯ ಇಗ್ನಿಷನ್ ಸ್ವಿಚ್ ಪ್ರಕರಣವನ್ನು ತುಸು ವಿವರವಾಗಿಯೇ ನೋಡಬೇಕು. ಕೀಲಿ ತಿರುಗಿಸುವ ಸ್ವಿಚ್ಚಿನೊಳಗೆ, ಸ್ಪ್ರಿಂಗಿನ ಒತ್ತಡದಲ್ಲಿ ನಿಂತಿರುವ ಒಂದು ಪುಟ್ಟ ಲೋಹದ ಕಡ್ಡಿ ಇರುತ್ತದೆ. ಇಂಜಿನ್ ಓಡುವಾಗ ಕೀಲಿಯನ್ನು ಅದರ ಸ್ಥಾನದಲ್ಲಿ ಹಿಡಿದಿಡುವುದು ಅದೇ. ಷೆವರ್ಲೆ ಕೋಬಾಲ್ಟ್, ಸ್ಯಾಟರ್ನ್ ಅಯಾನ್ ಮುಂತಾದ ಸಣ್ಣ ಕಾರುಗಳಲ್ಲಿ ಈ ಹಿಡಿತ ಕಂಪನಿಯೇ ನಿಗದಿಪಡಿಸಿದ್ದ ಮಟ್ಟಕ್ಕಿಂತ ಬಹಳ ಸಡಿಲವಾಗಿತ್ತು. ಕೀಲಿಗೊಂಚಲು ಭಾರವಾಗಿ ತೂಗಾಡಿದರೆ, ಚಾಲಕರ ಮೊಣಕಾಲು ತಗುಲಿದರೆ, ಚಕ್ರ ಗುಂಡಿಗಿಳಿದು ಕಾರು ಕುಲುಕಿದರೆ ಕೀಲಿ ತಾನಾಗಿ ಹಿಂದಕ್ಕೆ ಜಾರುತ್ತಿತ್ತು. ಇಂಜಿನ್ ನಿಲ್ಲುತ್ತಿತ್ತು, ಪವರ್ ಸ್ಟೀರಿಂಗ್ ಬಿಗಿಯಾಗುತ್ತಿತ್ತು, ಬ್ರೇಕ್ ಒತ್ತಲು ಹೆಚ್ಚು ಬಲ ಬೇಕಾಗುತ್ತಿತ್ತು. ಜೊತೆಗೆ ಏರ್‌ಬ್ಯಾಗ್ ವ್ಯವಸ್ಥೆಯೂ ನಿಷ್ಕ್ರಿಯವಾಗುತ್ತಿತ್ತು. ಹತೋಟಿ ತಪ್ಪಿದ ಕಾರು ಮರಕ್ಕೋ ಎದುರು ಬಂದ ವಾಹನಕ್ಕೋ ಬಡಿಯುವ ಹೊತ್ತಿಗೆ, ಪ್ರಾಣ ಉಳಿಸಬೇಕಾಗಿದ್ದ ಏರ್‌ಬ್ಯಾಗೇ ತೆರೆದುಕೊಳ್ಳುತ್ತಿರಲಿಲ್ಲ.

ಸ್ವಿಚ್ಚು ನಿಗದಿತ ಮಟ್ಟ ಮುಟ್ಟಿಲ್ಲವೆಂದು ಗೊತ್ತಿದ್ದೇ 2002ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತ್ತು. ಕಾರು ಮಾರುಕಟ್ಟೆಗೆ ಬಂದ ಮೇಲೆ, ಓಡುತ್ತಲೇ ಇಂಜಿನ್ ನಿಲ್ಲುತ್ತದೆಂಬ ದೂರುಗಳು ಬಂದವು. 2005ರಲ್ಲಿ ಎಂಜಿನಿಯರುಗಳು ಪರಿಹಾರಗಳನ್ನು ಚರ್ಚಿಸಿ, ವೆಚ್ಚ ಮತ್ತು ಸಮಯದ ಕಾರಣ ಕೊಟ್ಟು ಕಡತ ಮುಚ್ಚಿದರು. ಬದಲಿಗೆ ಡೀಲರುಗಳಿಗೆ ಹೋದದ್ದು ಒಂದು ಸರ್ವಿಸ್ ಬುಲೆಟಿನ್: ಗ್ರಾಹಕರು ದೂರಿದರೆ ಗೊಂಚಲಿನಿಂದ ಬೇಡದ ವಸ್ತುಗಳನ್ನು ತೆಗೆಯಲು ಹೇಳಿ, ಕೀಲಿಯ ಉದ್ದನೆಯ ತೂತನ್ನು ಚಿಕ್ಕದಾಗಿಸುವ ಒಂದು ತುಣುಕನ್ನು ಸಿಕ್ಕಿಸಿ ಕೊಡಿ ಎಂದು. ಓಡುವ ಕಾರಿನ ಇಂಜಿನ್ ನಿಲ್ಲುವುದನ್ನು ಕಂಪನಿಯೊಳಗೆ ಗ್ರಾಹಕರ ಅನುಕೂಲದ ವಿಷಯವೆಂದು ವಿಂಗಡಿಸಲಾಗಿತ್ತು, ಸುರಕ್ಷತೆಯ ವಿಷಯವೆಂದಲ್ಲ. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು ಈ ವಿಂಗಡಣೆ. ಮುಂದಿನ ವರ್ಷಗಳ ವಿಳಂಬವೆಲ್ಲ ಇದರಿಂದಲೇ ಹುಟ್ಟಿತು.

2006ರಲ್ಲಿ ಸ್ವಿಚ್ಚಿನ ವಿನ್ಯಾಸವನ್ನು ಸದ್ದಿಲ್ಲದೆ ಸರಿಪಡಿಸಲಾಯಿತು. ಕಡ್ಡಿ ಉದ್ದವಾಯಿತು, ಸ್ಪ್ರಿಂಗ್ ಬಿಗಿಯಾಯಿತು, ಆದರೆ ಬಿಡಿಭಾಗದ ಸಂಖ್ಯೆ ಮಾತ್ರ ಹಳೆಯದೇ ಉಳಿಯಿತು. ಬಿಡಿಭಾಗ ಬದಲಾದಾಗ ಸಂಖ್ಯೆಯೂ ಬದಲಾಗಬೇಕೆಂಬುದು ಈ ವೃತ್ತಿಯ ಮೊದಲ ಪಾಠ. ಅದನ್ನು ಮೀರಿದ್ದರಿಂದ, ಹಳೆಯ ಕಾರುಗಳಷ್ಟೇ ಏಕೆ ಅಪಘಾತಕ್ಕೀಡಾಗುತ್ತಿವೆ ಎಂದು ಹುಡುಕಿದ ಕಂಪನಿಯ ತನಿಖೆಗಾರರಿಗೂ ದಾರಿ ತಪ್ಪಿತು. 2007ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಒಬ್ಬ ಪೊಲೀಸ್ ಅಧಿಕಾರಿ ಒಂದು ಅಪಘಾತದ ವರದಿಯಲ್ಲಿ, ಕೀಲಿ ಜಾರಿದ್ದಕ್ಕೂ ಏರ್‌ಬ್ಯಾಗ್ ತೆರೆಯದ್ದಕ್ಕೂ ಸಂಬಂಧವಿರಬಹುದೆಂದು ಬರೆದರು. ಆ ವರದಿ ಕಂಪನಿಯ ಕಡತದಲ್ಲೇ ಇದ್ದರೂ ವರ್ಷಗಟ್ಟಲೆ ಯಾರೂ ಅದರ ಮೇಲೆ ಕ್ರಮ ಕೈಗೊಳ್ಳಲಿಲ್ಲ. ಸತ್ಯ ಹೊರಬಿದ್ದದ್ದು ಹೊರಗಿನವರಿಂದ. 2010ರಲ್ಲಿ ಜಾರ್ಜಿಯಾದಲ್ಲಿ ತೀರಿಕೊಂಡ ಯುವತಿಯೊಬ್ಬರ ತಂದೆತಾಯಿಯ ಪರ ವಕೀಲರು ನೇಮಿಸಿದ ಎಂಜಿನಿಯರ್, ಅಂಗಡಿಯಿಂದ ಹೊಸ ಸ್ವಿಚ್ ಕೊಂಡು ತಂದು, ಅಪಘಾತವಾದ ಕಾರಿನ ಸ್ವಿಚ್ಚಿನ ಪಕ್ಕದಲ್ಲಿಟ್ಟು ಬಿಚ್ಚಿ ನೋಡಿದಾಗ ಒಳಗಿನ ಕಡ್ಡಿಗಳ ಉದ್ದ ಬೇರೆ ಬೇರೆ ಇತ್ತು. ಆ ಯುವತಿ ಸಾಯುವ ಕೆಲವೇ ದಿನ ಮೊದಲು, ಇಂಜಿನ್ ನಿಲ್ಲುತ್ತದೆಂದು ಕಾರನ್ನು ಡೀಲರ್ ಬಳಿ ಬಿಟ್ಟು ತಂದಿದ್ದರು.

ರೀಕಾಲ್, ಅಂದರೆ ದೋಷವಿರುವ ವಾಹನಗಳನ್ನು ಕಂಪನಿಯೇ ಕರೆಸಿಕೊಂಡು ಉಚಿತವಾಗಿ ಸರಿಪಡಿಸಿಕೊಡುವ ಕ್ರಮ, ಶುರುವಾದದ್ದು 2014ರ ಫೆಬ್ರವರಿಯಲ್ಲಿ. ಸುಮಾರು 26 ಲಕ್ಷ ಕಾರುಗಳನ್ನು ಹಿಂಪಡೆಯಬೇಕಾಯಿತು, 124 ಸಾವುಗಳಿಗೆ ಕಂಪನಿ ಪರಿಹಾರ ಕೊಡಬೇಕಾಯಿತು, 2015ರಲ್ಲಿ 90 ಕೋಟಿ ಡಾಲರ್ ದಂಡ ಕಟ್ಟಿ ಕ್ರಿಮಿನಲ್ ಮೊಕದ್ದಮೆಯನ್ನು ಇತ್ಯರ್ಥಪಡಿಸಿಕೊಳ್ಳಬೇಕಾಯಿತು. ಬಿಡಿಭಾಗವನ್ನು ಸರಿಪಡಿಸಲು ತಗಲುತ್ತಿದ್ದದ್ದು ಒಂದು ಡಾಲರ್‌ಗಿಂತ ಕಡಿಮೆ ಎಂಬುದು ಅಲ್ಲಿನ ಸಂಸತ್ತಿನ ವಿಚಾರಣೆಯಲ್ಲಿ ಪ್ರಸ್ತಾಪವಾಯಿತು.

ನಿಮ್ಮ ಪ್ರಶ್ನೆಗೆ ಈಗ ನೇರವಾಗಿ ಬರುತ್ತೇನೆ. ಲಕ್ಷಾಂತರ ಬಿಡಿಭಾಗಗಳನ್ನು ಜೋಡಿಸುವ ಕೈಗಾರಿಕೆಯಲ್ಲಿ ಒಂದು ಭಾಗ ಕೈಕೊಡುವುದು ಸಹಜ, ಅದನ್ನು ಅಪರಾಧವೆಂದು ಯಾರೂ ಹೇಳುವುದಿಲ್ಲ. ಆದರೆ ಪ್ರಾಣಕ್ಕೆ ಕುತ್ತು ತರಬಲ್ಲ ದೋಷವೊಂದು ಕಂಪನಿಯ ಗಮನಕ್ಕೆ ಬಂದ ದಿನದಿಂದಲೇ ಅದನ್ನು ತಿಳಿಯುವ ಹಕ್ಕು ಮಾಲೀಕರದಾಗುತ್ತದೆ. ಹಾಸನಕ್ಕೋ ಬೆಳಗಾವಿಗೋ ರಾತ್ರಿ ಹೊರಡಬೇಕೆ, ಮಕ್ಕಳನ್ನು ಕೂರಿಸಿಕೊಳ್ಳಬೇಕೆ, ರಿಪೇರಿಯಾಗುವವರೆಗೆ ಕಾರು ನಿಲ್ಲಿಸಿಡಬೇಕೆ ಎಂಬುದನ್ನು ತೀರ್ಮಾನಿಸುವವರು ಮಾಲೀಕರು. ಕಂಪನಿ ಮೌನವಾಗಿದ್ದರೆ ಆ ತೀರ್ಮಾನವನ್ನು ಅವರ ಕೈಯಿಂದ ಕಿತ್ತುಕೊಂಡಂತೆ. ನಿಮಗೆ ಉಚಿತವಾಗಿ ಮಾಡಿಕೊಟ್ಟ ದುರಸ್ತಿ ನಿಮಗೆ ನ್ಯಾಯ ಒದಗಿಸಿರಬಹುದು, ನಿಮ್ಮ ಭಾವನವರಿಗಲ್ಲ.

ಕಾನೂನಿನ ಮಟ್ಟಿಗೆ, 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 110ಎ ಕಲಂ ಪ್ರಕಾರ ದೋಷವನ್ನು ಗಮನಿಸಿದ ತಯಾರಕರು ಕೇಂದ್ರ ಸರ್ಕಾರಕ್ಕೆ ತಿಳಿಸಿ ತಾವಾಗಿಯೇ ರೀಕಾಲ್ ಆರಂಭಿಸಬೇಕು. ಹಾಗೆ ಮಾಡಿದವರಿಗೆ ಆ ಕಲಂನಡಿ ದಂಡವಿಲ್ಲ. ಇದು ಒಳ್ಳೆಯ ವ್ಯವಸ್ಥೆ, ಏಕೆಂದರೆ ಸತ್ಯ ಹೇಳಿದವರಿಗೆ ಶಿಕ್ಷೆಯಾಗುವಂತಿದ್ದರೆ ಯಾರೂ ಹೇಳುವುದಿಲ್ಲ. ತಾವಾಗಿ ಮುಂದೆ ಬರದೆ ಸರ್ಕಾರವೇ ಆದೇಶಿಸಬೇಕಾಗಿ ಬಂದರೆ, 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದಂತೆ ವಾಹನದ ಬಗೆ ಮತ್ತು ಸಂಖ್ಯೆಗೆ ತಕ್ಕಂತೆ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡವಿದೆ. ತಯಾರಾಗಿ ಏಳು ವರ್ಷದೊಳಗಿನ ವಾಹನಗಳಿಗೆ ಇದು ಅನ್ವಯಿಸುತ್ತದೆ. ಸಾವಿರಾರು ಕೋಟಿ ವಹಿವಾಟಿನ ಕಂಪನಿಗಳಿಗೆ 1 ಕೋಟಿಯ ಮಿತಿ ತೀರಾ ಕಡಿಮೆಯೆಂದೇ ನನ್ನ ಅಭಿಪ್ರಾಯ.

ನೀವು ಈಗ ಮಾಡಬೇಕಾದದ್ದು ಇಷ್ಟು. ಎರಡೂ ಸಲದ ಜಾಬ್ ಕಾರ್ಡಿನ ಪ್ರತಿಗಳನ್ನು ಕೇಳಿ ಪಡೆಯಿರಿ. ಯಾವ ಭಾಗ ಬದಲಾಯಿತು, ಯಾವ ಕಾರಣಕ್ಕೆ, ಇತರ ಕಾರುಗಳಿಗೂ ಇದು ಅನ್ವಯವೇ ಎಂದು ಚಾಸಿಸ್ ಸಂಖ್ಯೆ ನಮೂದಿಸಿ ಕಂಪನಿಗೆ ಇಮೇಲ್ ಬರೆಯಿರಿ. ಫೋನಿನಲ್ಲಿ ಕೇಳಿದ್ದಕ್ಕೆ ದಾಖಲೆ ಉಳಿಯುವುದಿಲ್ಲ. ಆನಂತರ ಸಾರಿಗೆ ಸಚಿವಾಲಯದ ವಾಹನ್ ಜಾಲತಾಣದಲ್ಲಿ ವಾಹನದೋಷದ ದೂರನ್ನು ದಾಖಲಿಸಿ, ನಿಮ್ಮ ಭಾವನವರಿಂದಲೂ ಮಾಡಿಸಿ. ಒಂದೇ ಮಾದರಿಯ ಮೇಲೆ ನಿಗದಿತ ಪ್ರಮಾಣದಷ್ಟು ಮಾಲೀಕರ ದೂರುಗಳು ಸೇರಿದರೆ ಸರ್ಕಾರ ವಿಚಾರಣೆ ನಡೆಸಬಹುದು. ಡೀಲರ್ ಬಳಿ ಜಗಳವಾಡಿ ಸುಮ್ಮನಾದ ನೂರು ಮಂದಿ ಆ ಲೆಕ್ಕಕ್ಕೆ ಸೇರುವುದಿಲ್ಲ.

ಪ್ರಶ್ನೆ: ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿ. ಹಿಂದಿನಿಂದ ಗುದ್ದಿದರೆ ಇಂಧನದ ಟ್ಯಾಂಕು ಒಡೆದು ಹೊತ್ತಿಕೊಳ್ಳುತ್ತಿದ್ದ ಫೋರ್ಡ್ ಪಿಂಟೊ ಕಾರಿನ ಪ್ರಕರಣವನ್ನು ನಮಗೆ ಪಾಠವಾಗಿ ಕಲಿಸಿದರು. ನೂರಕ್ಕೆ ನೂರು ಸುರಕ್ಷಿತವಾದ ಕಾರನ್ನು ಯಾರೂ ಮಾಡಲಾರರು, ಮಾಡಿದರೂ ಯಾರೂ ಕೊಳ್ಳಲಾರರು. ಹೀಗಿರುವಾಗ ಖರ್ಚು ಮತ್ತು ಅಪಾಯದ ಲೆಕ್ಕ ಹಾಕಿದ್ದೇ ತಪ್ಪೆಂದು ಹೇಳುವುದು ಸರಿಯೇ?
— ವಿದ್ಯಾರ್ಥಿ, ಮೈಸೂರು

ಉತ್ತರ: ಲೆಕ್ಕ ಹಾಕುವುದು ತಪ್ಪಲ್ಲ. ಸೇತುವೆಗೆ ಎಷ್ಟು ಉಕ್ಕು, ಲಿಫ್ಟಿಗೆ ಎಷ್ಟು ದಪ್ಪದ ಹಗ್ಗ ಎಂಬುದನ್ನೆಲ್ಲ ಲೆಕ್ಕ ಹಾಕಿಯೇ ತೀರ್ಮಾನಿಸುತ್ತಾರೆ. ಪಿಂಟೊ ಬಗ್ಗೆ ಹೇಳುವಾಗ ಒಂದು ವಿಷಯದಲ್ಲಿ ಎಚ್ಚರ ಬೇಕು. ಖರ್ಚು ಮತ್ತು ಜೀವದ ಬೆಲೆಯನ್ನು ಹೋಲಿಸಿದ ಫೋರ್ಡಿನ ಪ್ರಸಿದ್ಧ ಟಿಪ್ಪಣಿಯಲ್ಲಿ, ಒಂದು ವಾಹನಕ್ಕೆ 11 ಡಾಲರ್‌ನಂತೆ 1.25 ಕೋಟಿ ವಾಹನಗಳಿಗೆ 13.7 ಕೋಟಿ ಡಾಲರ್ ವೆಚ್ಚವನ್ನೂ, ತಪ್ಪಿಸಬಹುದಾದ 180 ಸಾವು ಮತ್ತು ಅಷ್ಟೇ ಸುಟ್ಟಗಾಯಗಳಿಗೆ ಬೆಲೆ ಕಟ್ಟಿ 4.95 ಕೋಟಿ ಡಾಲರ್ ಲಾಭವನ್ನೂ ಎದುರುಬದುರು ಇಟ್ಟಿದ್ದು ನಿಜ. ಆದರೆ ಅದು ಕಾರು ಮಗುಚಿಬಿದ್ದಾಗ ಇಂಧನ ಸೋರುವುದರ ಬಗ್ಗೆ, ಅಮೆರಿಕದ ಎಲ್ಲ ವಾಹನಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡು ಸುರಕ್ಷತಾ ಇಲಾಖೆಗೆ ಸಲ್ಲಿಸಲು ಸಿದ್ಧಪಡಿಸಿದ ಟಿಪ್ಪಣಿ. ಒಂದು ಜೀವಕ್ಕೆ 2 ಲಕ್ಷ ಡಾಲರ್ ಎಂಬ ಅಂಕಿಯೂ ಆ ಇಲಾಖೆಯದೇ. ಹಿಂದಿನಿಂದ ಗುದ್ದಿದರೆ ಪಿಂಟೊ ಹೊತ್ತಿಕೊಳ್ಳುತ್ತದೆ ಎಂಬುದಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ. ಪಾಠ ಹೇಳುವವರು ಎರಡನ್ನೂ ಬೆರೆಸಿಬಿಡುತ್ತಾರೆ.

ಹಾಗೆಂದು ಫೋರ್ಡ್ ನಿರ್ದೋಷಿಯಾಗುವುದಿಲ್ಲ. 1972ರಲ್ಲಿ ಕ್ಯಾಲಿಫೋರ್ನಿಯಾದ ಹೆದ್ದಾರಿಯಲ್ಲಿ ಕೆಟ್ಟುನಿಂತ ಪಿಂಟೊ ಒಂದಕ್ಕೆ ಹಿಂದಿನಿಂದ ಬಂದ ಕಾರು ಗುದ್ದಿ, ಚಾಲಕಿ ತೀರಿಕೊಂಡು, ಜೊತೆಗಿದ್ದ ಬಾಲಕನಿಗೆ ಭೀಕರ ಸುಟ್ಟಗಾಯಗಳಾದವು. ಆ ಮೊಕದ್ದಮೆಯಲ್ಲಿ ಹೊರಬಂದದ್ದು ಫೋರ್ಡಿನದೇ ಡಿಕ್ಕಿ ಪರೀಕ್ಷೆಗಳ ದಾಖಲೆ. ಹಿಂದಿನ ಅಚ್ಚಿನ ಹಿಂಬದಿಯಲ್ಲಿದ್ದ ಟ್ಯಾಂಕು ಕಡಿಮೆ ವೇಗದ ಗುದ್ದಿಗೇ ಒಡೆದು ಸೋರುವುದು ಕಂಪನಿಗೆ ಮಾರಾಟಕ್ಕೆ ಮೊದಲೇ ಗೊತ್ತಿತ್ತು. ಕೆಲವೇ ಡಾಲರುಗಳಲ್ಲಿ ಅದನ್ನು ತಡೆಯುವ ವಿಧಾನಗಳೂ ಗೊತ್ತಿದ್ದವು. ಜ್ಯೂರಿ ವಿಧಿಸಿದ 12.5 ಕೋಟಿ ಡಾಲರ್ ದಂಡರೂಪದ ಪರಿಹಾರವನ್ನು ನ್ಯಾಯಾಧೀಶರು 35 ಲಕ್ಷಕ್ಕೆ ಇಳಿಸಿದರು, 1981ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅಷ್ಟರಲ್ಲಿ, 1978ರಲ್ಲಿ, ಸುಮಾರು 15 ಲಕ್ಷ ಕಾರುಗಳ ರೀಕಾಲ್ ಆಗಿತ್ತು.

ಲೆಕ್ಕ ಎಲ್ಲಿ ಅನ್ಯಾಯವಾಗುತ್ತದೆ ಎಂದರೆ, ಹಣ ಉಳಿಯುವುದು ಒಬ್ಬರಿಗೆ, ಅಪಾಯ ಬರುವುದು ಇನ್ನೊಬ್ಬರಿಗೆ, ಆ ಇನ್ನೊಬ್ಬರಿಗೆ ವಿಷಯವೇ ತಿಳಿದಿಲ್ಲ ಎಂಬ ಮೂರೂ ಒಟ್ಟಿಗೆ ಸೇರಿದಾಗ. ಏರ್‌ಬ್ಯಾಗ್ ಕಡಿಮೆ ಇರುವ ಅಗ್ಗದ ಮಾದರಿಯನ್ನು ತಿಳಿದೇ ಕೊಂಡವರು ಒಂದು ಅಪಾಯವನ್ನು ಒಪ್ಪಿಕೊಂಡಿರುತ್ತಾರೆ. ಟ್ಯಾಂಕು ಒಡೆಯುತ್ತದೆಂದು ತಿಳಿಯದೆ ಕೊಂಡವರು ಏನನ್ನೂ ಒಪ್ಪಿಕೊಂಡಿರುವುದಿಲ್ಲ. ಎಂಜಿನಿಯರ್ ಆಗಿ ನೀವು ಮುಂದೆ ಇಂಥ ಲೆಕ್ಕ ಹಾಕಬೇಕಾಗಿ ಬಂದಾಗ, ಈ ಹಾಳೆಯನ್ನು ಕಾರು ಕೊಳ್ಳುವವರ ಕೈಗೆ ಕೊಟ್ಟು ಓದಿಸಬಲ್ಲೆನೇ ಎಂದು ಕೇಳಿಕೊಳ್ಳಿ. ಓದಿಸಲಾಗದು ಎನಿಸಿದರೆ ಆ ಲೆಕ್ಕದಲ್ಲಿ ಏನೋ ಮುಚ್ಚಿಟ್ಟಿದ್ದೀರಿ.

ಪ್ರಶ್ನೆ: ನನ್ನ ತಮ್ಮ ದುಬೈನಲ್ಲಿದ್ದಾನೆ. ಅವನ ಕಾರಿಗೆ ರೀಕಾಲ್ ನೋಟಿಸ್ ಬಂತು. ಅದೇ ಹೆಸರಿನ ಕಾರು ನನ್ನ ಬಳಿಯೂ ಇದೆ, ಇಲ್ಲಿ ಏನೂ ಬಂದಿಲ್ಲ. ಅಲ್ಲಿಯವರ ಜೀವಕ್ಕಿರುವ ಬೆಲೆ ನಮ್ಮ ಜೀವಕ್ಕಿಲ್ಲವೇ?
— ಓದುಗರೊಬ್ಬರು, ಮಂಗಳೂರು

ಉತ್ತರ: ಹೆಸರು ಒಂದೇ ಇದ್ದರೂ ಬೇರೆ ಕಾರ್ಖಾನೆಯಲ್ಲಿ ತಯಾರಾದ ಕಾರಿಗೆ ಬೇರೆ ಪೂರೈಕೆದಾರರ ಬಿಡಿಭಾಗ ಹಾಕಿರುವುದು ಸಾಮಾನ್ಯ. ಹಾಗಾಗಿ ಅಲ್ಲಿನ ದೋಷ ಇಲ್ಲಿ ಇರಲೇಬೇಕೆಂದಿಲ್ಲ. ಆದರೆ "ಭಾರತದ ಕಾರುಗಳಲ್ಲಿ ಆ ಭಾಗ ಇಲ್ಲ" ಎಂಬ ಒಂದು ಸಾಲನ್ನು ಬಹಿರಂಗವಾಗಿ ಹೇಳಲು ಕಂಪನಿಗೆ ಏನೂ ಖರ್ಚಿಲ್ಲ. ಹೇಳದಿರುವುದಕ್ಕೆ ನ್ಯಾಯವಾದ ಕಾರಣವೊಂದೂ ನನಗೆ ತೋಚುವುದಿಲ್ಲ.

ಇದಕ್ಕೆ ತಿರುಗುಮುರುಗಾದ ಘಟನೆಯೂ ನಡೆದಿದೆ. ಫೋರ್ಡ್ ಎಕ್ಸ್‌ಪ್ಲೋರರ್ ವಾಹನಗಳಲ್ಲಿದ್ದ ಫೈರ್‌ಸ್ಟೋನ್ ಟಯರುಗಳ ಮೇಲ್ಪದರ ಬಿಸಿಗೆ ಕಳಚಿಕೊಂಡು ವಾಹನ ಪಲ್ಟಿಯಾಗುತ್ತಿದ್ದಾಗ, 1999ರಲ್ಲೇ ಸೌದಿ ಅರೇಬಿಯಾದಲ್ಲಿ ಟಯರ್ ಬದಲಿಸಿಕೊಡಲಾಯಿತು. ಅಮೆರಿಕದ ಮಾಲೀಕರಿಗೆ ರೀಕಾಲ್ ಸುದ್ದಿ ಬಂದದ್ದು 2000ದ ಆಗಸ್ಟ್‌ನಲ್ಲಿ. ಅದರಿಂದ ಎದ್ದ ಜನರ ಸಿಟ್ಟಿನ ಫಲವಾಗಿ ಅದೇ ವರ್ಷ ಅಮೆರಿಕದಲ್ಲಿ ಬಂದ ಕಾನೂನು, ಬೇರೆ ದೇಶದಲ್ಲಿ ಅದೇ ತರಹದ ವಾಹನಕ್ಕೆ ರೀಕಾಲ್ ಮಾಡಿದರೆ ಅಮೆರಿಕದ ಸುರಕ್ಷತಾ ಇಲಾಖೆಗೂ ತಿಳಿಸಬೇಕೆಂದು ಕಡ್ಡಾಯಮಾಡಿತು. ನಮ್ಮ 110ಎ ಕಲಂನಲ್ಲಿ ಇಷ್ಟು ನೇರವಾದ ಕಟ್ಟಳೆಯಿಲ್ಲ, ಬರಲೇಬೇಕು. ಆದರೂ ಮಾಲೀಕರ ದೂರು ಮತ್ತು ಪರೀಕ್ಷಾ ಸಂಸ್ಥೆಯ ವರದಿಯ ಜೊತೆಗೆ "ಇತರ ಯಾವುದೇ ಮೂಲ"ದಿಂದ ಬಂದ ಮಾಹಿತಿಯ ಮೇಲೂ ಸರ್ಕಾರ ಕ್ರಮ ಕೈಗೊಳ್ಳಬಹುದೆಂದು ಅದೇ ಕಲಂ ಹೇಳುತ್ತದೆ. ತಮ್ಮನಿಗೆ ಬಂದ ನೋಟಿಸ್‌ನ ಪ್ರತಿಯನ್ನು ನೀವು ದೂರಿನ ಜೊತೆ ಲಗತ್ತಿಸಬಹುದು.

ಕರಾವಳಿಯವರಾದ ನಿಮಗೆ ಇನ್ನೊಂದು ಮಾತು. ಜಪಾನಿನ ಟಕಾಟಾ ಕಂಪನಿಯ ಏರ್‌ಬ್ಯಾಗ್‌ಗಳಲ್ಲಿ ಅಮೋನಿಯಂ ನೈಟ್ರೇಟ್ ಬಳಸಿದ್ದರು. ವರ್ಷಗಟ್ಟಲೆ ಸೆಕೆ ಮತ್ತು ತೇವದಲ್ಲಿದ್ದ ಮೇಲೆ ಆ ರಾಸಾಯನಿಕ ಕೆಟ್ಟು, ಏರ್‌ಬ್ಯಾಗ್ ಉಬ್ಬುವ ಬದಲು ಲೋಹದ ಡಬ್ಬಿಯೇ ಸಿಡಿದು ಚೂರುಗಳು ಚಾಲಕರ ಕುತ್ತಿಗೆಗೆ, ಮುಖಕ್ಕೆ ಹೊಕ್ಕವು. ಪರೀಕ್ಷೆಯ ಅಂಕಿಅಂಶಗಳನ್ನು ತಿದ್ದಿ ವಾಹನ ಕಂಪನಿಗಳಿಗೆ ಕೊಟ್ಟಿದ್ದನ್ನು 2017ರಲ್ಲಿ ಟಕಾಟಾ ಒಪ್ಪಿಕೊಂಡಿತು. ಜಗತ್ತಿನಾದ್ಯಂತ ಸುಮಾರು 10 ಕೋಟಿ ಏರ್‌ಬ್ಯಾಗ್‌ಗಳ ರೀಕಾಲ್ ನಡೆಯಿತು, ಹೋಂಡಾ ಮೊದಲಾದವರು ಭಾರತದಲ್ಲೂ ನಡೆಸಿದರು. ನಿಮ್ಮಲ್ಲಿ ಹಳೆಯ ಕಾರಿದ್ದರೆ, ಕರಾವಳಿಯ ಹವೆಯಲ್ಲಿ ಹತ್ತಾರು ಮಳೆಗಾಲ ಕಳೆದ ಕಾರಿದ್ದರೆ, ಅದರ ಚಾಸಿಸ್ ಸಂಖ್ಯೆಯನ್ನು ಕಂಪನಿಯ ಜಾಲತಾಣದಲ್ಲಿ ಈ ವಾರವೇ ಪರೀಕ್ಷಿಸಿ.

ಪ್ರಶ್ನೆ: ನಾನು ವಾಹನ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ವಿಭಾಗದಲ್ಲಿದ್ದೇನೆ. ಒಂದು ಬ್ಯಾಚಿನ ಪರೀಕ್ಷಾ ಫಲಿತಾಂಶ ನನಗೆ ಸಮಾಧಾನ ತಂದಿಲ್ಲ. ಮೇಲಿನವರು "ಫೀಲ್ಡಿನಿಂದ ದೂರು ಬರಲಿ, ಆಗ ನೋಡೋಣ" ಎನ್ನುತ್ತಾರೆ. ಹೆಂಡತಿ ಮಕ್ಕಳಿರುವವನು ನಾನು. ಏನು ಮಾಡಲಿ?
— ಹೆಸರು, ಊರು ಬೇಡವೆಂದವರು

ಉತ್ತರ: ನಿಮ್ಮ ಪತ್ರ ಓದಿ ಮನಸ್ಸು ಭಾರವಾಯಿತು, ಏಕೆಂದರೆ ನೀವು ಬರೆದಿರುವ ಸ್ಥಿತಿ ತೀರಾ ಪರಿಚಿತವಾದದ್ದು. ಜನರಲ್ ಮೋಟಾರ್ಸ್ ಪ್ರಕರಣದ ತನಿಖೆ ನಡೆಸಿದ ವಕೀಲ ಆಂಟನ್ ವಲೂಕಸ್ ಅವರ 2014ರ ವರದಿ ಆ ಕಂಪನಿಯ ಸಭೆಗಳ ಒಂದು ರೂಢಿಯನ್ನು ದಾಖಲಿಸಿದೆ. ಎಲ್ಲರೂ ತಲೆಯಾಡಿಸಿ ಕ್ರಮ ಆಗಬೇಕು ಎನ್ನುತ್ತಿದ್ದರು, ಎದ್ದುಹೋದ ಮೇಲೆ ಯಾರೂ ಏನೂ ಮಾಡುತ್ತಿರಲಿಲ್ಲ. ಆ ವರದಿಯ ನಂತರ 15 ನೌಕರರು ಕೆಲಸ ಕಳೆದುಕೊಂಡರು. ಅವರಲ್ಲಿ ಕೆಲವರ ತಪ್ಪು, ಮಾಡಬೇಕಾದಷ್ಟು ಮಾಡದೆ ಸುಮ್ಮನಿದ್ದದ್ದು.

ಫೀಲ್ಡಿನಿಂದ ದೂರು ಬರಲಿ ಎಂಬುದರ ಅರ್ಥ, ಯಾರಾದರೂ ಮೊದಲು ಪೆಟ್ಟು ತಿನ್ನಲಿ ಎಂದೇ. ಜಪಾನಿನ ಮಿತ್ಸುಬಿಷಿಯಲ್ಲಿ ಗ್ರಾಹಕರ ದೂರುಗಳನ್ನು ಎರಡು ದಶಕಕ್ಕೂ ಹೆಚ್ಚು ಕಾಲ ಸರ್ಕಾರದಿಂದ ಮುಚ್ಚಿಟ್ಟಿದ್ದದ್ದು 2000ದಲ್ಲಿ ಬಯಲಾಯಿತು. ಅದಾದ ಮೇಲೂ ಟ್ರಕ್ಕುಗಳ ಚಕ್ರದ ಹಬ್ ಮುರಿಯುವುದನ್ನು ಮಾಲೀಕರ ನಿರ್ವಹಣೆಯ ಕೊರತೆ ಎಂದೇ ಕಂಪನಿ ಸಾಧಿಸುತ್ತ ಬಂತು. 2002ರ ಜನವರಿಯಲ್ಲಿ ಯೊಕೊಹಾಮಾದಲ್ಲಿ ಓಡುತ್ತಿದ್ದ ಟ್ರಕ್ಕಿನಿಂದ ಕಳಚಿದ ಚಕ್ರ ಉರುಳಿಬಂದು, ಮಕ್ಕಳೊಂದಿಗೆ ಕಾಲುದಾರಿಯಲ್ಲಿದ್ದ ತಾಯಿಯೊಬ್ಬರ ಪ್ರಾಣ ತೆಗೆಯಿತು. ವಿನ್ಯಾಸದಲ್ಲೇ ದೋಷವಿತ್ತೆಂದು ಒಪ್ಪಿಕೊಂಡದ್ದು 2004ರಲ್ಲಿ. ಆಕೆ ಆ ಟ್ರಕ್ಕಿನ ಮಾಲೀಕಳೂ ಅಲ್ಲ, ಗ್ರಾಹಕಳೂ ಅಲ್ಲ. ನಿಮ್ಮ ಬ್ಯಾಚಿನ ಬಿಡಿಭಾಗ ಯಾರ ಮನೆಯ ಮುಂದೆ ಹಾದುಹೋಗುತ್ತದೆಂದು ನಿಮ್ಮ ಮೇಲಿನವರಿಗೂ ಗೊತ್ತಿಲ್ಲ.

ಆದರೂ ನೌಕರಿ ಬಿಟ್ಟು ಬೀದಿಗಿಳಿಯಿರಿ ಎಂದು ನಾನು ಹೇಳಲಾರೆ. ಮೊದಲು ಫಲಿತಾಂಶವನ್ನು, ನಿಮ್ಮ ಆಕ್ಷೇಪವನ್ನು ದಿನಾಂಕ ಸಹಿತ ಬರಹದಲ್ಲಿ ಸಲ್ಲಿಸಿ. ಭಾಗ ಯಾವ ಮಿತಿಯಲ್ಲಿರಬೇಕಿತ್ತು, ಎಷ್ಟು ಬಂದಿದೆ, ಅದು ಕೈಕೊಟ್ಟರೆ ವಾಹನಕ್ಕೆ ಏನಾಗುತ್ತದೆ ಎಂಬ ಮೂರು ಸಂಗತಿ ಸಾಕು, ಯಾರನ್ನೂ ದೂಷಿಸುವ ಮಾತು ಬೇಡ. ಬರಹದಲ್ಲಿ ಬಂದ ಆಕ್ಷೇಪಕ್ಕೆ "ಆಗ ನೋಡೋಣ" ಎಂದು ಬರಹದಲ್ಲೇ ಉತ್ತರಿಸಲು ಮೇಲಿನವರು ಹಿಂಜರಿಯುತ್ತಾರೆ. ನಿಮ್ಮದು ಷೇರುಪೇಟೆಯಲ್ಲಿರುವ ಕಂಪನಿಯಾದರೆ, 2013ರ ಕಂಪನಿ ಕಾಯ್ದೆಯಂತೆ ನೌಕರರ ಕಳವಳ ಕೇಳುವ ವ್ಯವಸ್ಥೆ ಅಲ್ಲಿ ಇರಲೇಬೇಕು, ಅದರ ಮೂಲಕ ಲೆಕ್ಕಪರಿಶೋಧನಾ ಸಮಿತಿಯವರೆಗೆ ಹೋಗುವ ಹಾದಿಯಿದೆ. ಅಲ್ಲಿಯೂ ಪರಿಹಾರ ಸಿಗದಿದ್ದರೆ, ಸರ್ಕಾರಕ್ಕೆ ಬರೆಯುವ ಮೊದಲು ಒಬ್ಬ ವಕೀಲರನ್ನು ಕಾಣಿ.

ಹೀಗೆ ಹೇಳುವಾಗ ನಮ್ಮ ಕಾನೂನಿನ ಕೊರತೆಯನ್ನು ಮುಚ್ಚಿಡಲಾರೆ. ಹುಂಡೈನ ಕೊರಿಯಾದ ಎಂಜಿನಿಯರ್ ಕಿಮ್ ಗ್ವಾಂಗ್-ಹೋ 2016ರಲ್ಲಿ ಇಂಜಿನ್ ದೋಷದ ಮಾಹಿತಿಯನ್ನು ಅಮೆರಿಕದ ಸುರಕ್ಷತಾ ಇಲಾಖೆಗೆ ಕೊಟ್ಟರು, ಕೆಲಸ ಕಳೆದುಕೊಂಡರು. ಐದು ವರ್ಷಗಳ ನಂತರ, ಅಲ್ಲಿನ ಕಾನೂನಿನಡಿ ಆ ಇಲಾಖೆ ಅವರಿಗೆ 2.4 ಕೋಟಿ ಡಾಲರ್‌ಗೂ ಹೆಚ್ಚು ಬಹುಮಾನ ನೀಡಿತು. ಖಾಸಗಿ ವಾಹನ ಕಂಪನಿಯ ನೌಕರರನ್ನು ಹೀಗೆ ಕಾಯುವ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ರೀಕಾಲ್ ನಿಯಮ ತಂದವರು ಇದನ್ನೂ ತರಬೇಕಾಗಿತ್ತು. ಕಂಪನಿಯೊಳಗಿನ ದೋಷ ಮೊದಲು ಕಾಣುವುದು ನಿಮ್ಮಂಥವರ ಕಣ್ಣಿಗೇ.

ಪ್ರಶ್ನೆ: ಎದುರಿನಿಂದ ಬಂದ ಲಾರಿಗೆ ಡಿಕ್ಕಿಯಾಗಿ ನಮ್ಮ ಯಜಮಾನರಿಗೆ ತಲೆಗೆ, ಎದೆಗೆ ಪೆಟ್ಟಾಯಿತು. ಏರ್‌ಬ್ಯಾಗ್ ತೆರೆಯಲೇ ಇಲ್ಲ. ಕಂಪನಿಯವರು ಡಿಕ್ಕಿಯ ರಭಸ ಸಾಲದಾಗಿತ್ತು ಎಂದು ಒಂದು ಪುಟದ ಉತ್ತರ ಕಳಿಸಿದ್ದಾರೆ. ನಾವು ಇದನ್ನು ಒಪ್ಪಲೇಬೇಕೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಒಪ್ಪಬೇಕಾಗಿಲ್ಲ ತಾಯಿ. ಹುಂಡೈ ಕ್ರೆಟಾ ಕಾರಿನ ಇಂಥದೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟಿದೆ. 2017ರಲ್ಲಿ ನಡೆದ ಅಪಘಾತದಲ್ಲಿ ಏರ್‌ಬ್ಯಾಗ್ ತೆರೆಯದೆ ಮಾಲೀಕರಿಗೆ ತಲೆ, ಎದೆ, ಹಲ್ಲುಗಳಿಗೆ ಪೆಟ್ಟಾಗಿತ್ತು. ಸಾಕಷ್ಟು ರಭಸವಿರಲಿಲ್ಲ ಎಂಬುದೇ ಅಲ್ಲಿಯೂ ಕಂಪನಿಯ ವಾದ. ವೇಗ ಮತ್ತು ಬಲದ ಸಿದ್ಧಾಂತಗಳಿಂದ ಡಿಕ್ಕಿಯ ಪರಿಣಾಮವನ್ನು ಲೆಕ್ಕ ಹಾಕಲು ಗ್ರಾಹಕರು ಭೌತವಿಜ್ಞಾನದ ಪಂಡಿತರಾಗಿರಬೇಕೆಂದು ನಿರೀಕ್ಷಿಸಲಾಗದು ಎಂದು ನ್ಯಾಯಾಲಯ ಹೇಳಿ, ಪರಿಹಾರ ಕೊಡುವುದರ ಜೊತೆಗೆ ವಾಹನವನ್ನೇ ಬದಲಿಸಿಕೊಡಬೇಕೆಂಬ ಆದೇಶವನ್ನು ಎತ್ತಿಹಿಡಿಯಿತು. ಏರ್‌ಬ್ಯಾಗ್ ಇದೆಯೆಂದು ಜಾಹೀರಾತು ಮಾಡಿ ಮಾರಿದವರು, ಅದು ತೆರೆಯದಿದ್ದಾಗ ಸಮರ್ಥನೆಯ ಭಾರವನ್ನು ಗಾಯಾಳುವಿನ ಮೇಲೆ ಹೊರಿಸುವುದು ನ್ಯಾಯವಲ್ಲ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಉತ್ಪನ್ನ ಹೊಣೆಗಾರಿಕೆಗೇ ಒಂದು ಅಧ್ಯಾಯವಿದೆ. ತಯಾರಿಕೆಯ ದೋಷ, ವಿನ್ಯಾಸದ ದೋಷ, ಸರಿಯಾದ ಎಚ್ಚರಿಕೆ ನೀಡದಿರುವುದು ಇವುಗಳಿಂದ ಹಾನಿಯಾದರೆ ತಯಾರಕರೇ ಹೊಣೆ. ವಾಹನಕ್ಕೆ ಕೊಟ್ಟ ಹಣ 50 ಲಕ್ಷ ರೂಪಾಯಿವರೆಗಿದ್ದರೆ ನಿಮ್ಮ ಜಿಲ್ಲಾ ಗ್ರಾಹಕರ ಆಯೋಗದಲ್ಲೇ ದೂರು ಸಲ್ಲಿಸಬಹುದು. ಎರಡು ವರ್ಷದೊಳಗೆ ಸಲ್ಲಿಸಬೇಕು. ತುರ್ತಾಗಿ ಮಾಡಬೇಕಾದ ಒಂದು ಕೆಲಸವಿದೆ. ಜಖಂ ಆದ ಕಾರನ್ನು ವಿಮೆಯವರಿಗೋ ಗುಜರಿಗೋ ಒಪ್ಪಿಸಬೇಡಿ, ರಿಪೇರಿಯನ್ನೂ ಮಾಡಿಸಬೇಡಿ. ಏರ್‌ಬ್ಯಾಗ್ ನಿಯಂತ್ರಿಸುವ ಪೆಟ್ಟಿಗೆಯಲ್ಲಿ ಡಿಕ್ಕಿಯ ಕ್ಷಣದ ಮಾಹಿತಿ ದಾಖಲಾಗಿರುವ ಸಾಧ್ಯತೆಯಿದೆ. ರಭಸ ಸಾಲದಾಗಿತ್ತು ಎಂದು ಯಾವ ಮಾಹಿತಿಯ ಆಧಾರದ ಮೇಲೆ ಹೇಳುತ್ತೀರಿ, ಅದರ ಪ್ರತಿ ಕೊಡಿ ಎಂದು ನೋಂದಾಯಿತ ಅಂಚೆಯಲ್ಲಿ ಕೇಳಿ. ಪರೀಕ್ಷೆಯಿಲ್ಲದೆ ದೋಷ ನಿರ್ಧರಿಸಲಾಗದಿದ್ದರೆ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರ ಆಯೋಗಕ್ಕಿದೆ, ದೂರಿನಲ್ಲೇ ಅದನ್ನು ಕೋರಿ. ವಿವರಗಳಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಯಜಮಾನರು ಬೇಗ ಗುಣಮುಖರಾಗಲಿ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಿಗೆ ರೀಕಾಲ್‌ನ ಹಕ್ಕು ಇದೆಯೇ? ವಾರಂಟಿ ಮುಗಿದಿದ್ದರೆ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಇದೆ. ರೀಕಾಲ್ ವಾಹನಕ್ಕೆ ಸಂಬಂಧಿಸಿದ್ದು, ಮೊದಲು ಕೊಂಡವರಿಗೆ ಮಾತ್ರ ಸೀಮಿತವಲ್ಲ. ವಾರಂಟಿ ಮುಗಿದಿದ್ದರೂ ಆ ದುರಸ್ತಿ ಉಚಿತವಾಗಿಯೇ ಆಗಬೇಕು. ತೊಂದರೆ ಏನೆಂದರೆ ಕಂಪನಿಯ ಪತ್ರ, ಎಸ್ಸೆಮ್ಮೆಸ್ಸು ಎಲ್ಲವೂ ಹಳೆಯ ಮಾಲೀಕರ ವಿಳಾಸಕ್ಕೇ ಹೋಗುತ್ತವೆ. ಸಾರಿಗೆ ಇಲಾಖೆಯ ದಾಖಲೆಯಲ್ಲಿ ಇಂದಿನ ಮಾಲೀಕರ ಹೆಸರಿರುವಾಗ, ಅದನ್ನು ಪಡೆದು ಅವರನ್ನು ಹುಡುಕಿ ತಿಳಿಸುವುದು ಕಂಪನಿಯ ಕರ್ತವ್ಯವೆಂದೇ ನಾನು ಭಾವಿಸುತ್ತೇನೆ. ಪತ್ರಿಕೆಯಲ್ಲಿ ಒಂದು ಪ್ರಕಟಣೆ ಕೊಟ್ಟು ಕೈತೊಳೆದುಕೊಂಡರೆ ಸಾಲದು. ನಿಮ್ಮ ಕಡೆಯಿಂದ, ಆರ್‌ಸಿಯನ್ನು ನಿಮ್ಮ ಹೆಸರಿಗೆ ವರ್ಗಾಯಿಸಿಕೊಂಡು ಮೊಬೈಲ್ ಸಂಖ್ಯೆ ನಮೂದಿಸಿ, ಯಾವುದಾದರೂ ಅಧಿಕೃತ ಸರ್ವಿಸ್ ಸೆಂಟರಿಗೆ ಹೋಗಿ ಚಾಸಿಸ್ ಸಂಖ್ಯೆ ಕೊಟ್ಟು, ಬಾಕಿ ಇರುವ ರೀಕಾಲ್ ಇದೆಯೇ ಎಂದು ಕೇಳಿ. ಇದೆಯೆಂದರೆ ಅದೇ ದಿನ ದಿನಾಂಕ ಗೊತ್ತುಮಾಡಿಕೊಳ್ಳಿ, ಕೆಲಸ ಮುಗಿದ ಮೇಲೆ ಯಾವ ಭಾಗ ಬದಲಾಯಿತೆಂದು ಬರೆದ ಜಾಬ್ ಕಾರ್ಡನ್ನು ಪಡೆದು ಕಾರಿನ ಕಾಗದಪತ್ರಗಳ ಜೊತೆಗಿಡಿ; ನಿಮ್ಮಿಂದ ಕಾರು ಕೊಳ್ಳುವವರಿಗೂ ಅದು ಬೇಕಾಗುತ್ತದೆ.